ಜಾಯಿಂಟರ್ ಬೇರೆಯೇ ಬೇಕಾ, ಕಾಂಬಿನೇಶನ್ ಸಾಕಾ?

ಹಲಗೆಯ ಒಂದು ಮುಖ, ಒಂದು ಅಂಚನ್ನ ಸಪಾಟು ಮಾಡೋದು ಜಾಯಿಂಟರ್, ಆಮೇಲೆ ದಪ್ಪ ಸಮ ಮಾಡೋದು ಥಿಕ್ನೆಸರ್. ಈ ಎರಡೂ ಕೆಲಸ ಒಂದರಲ್ಲೇ ಮಾಡೋದು ಕಾಂಬಿನೇಶನ್ ಮೆಷಿನ್. ಅದು ಬೇಡ ಅನ್ನೋರು ಮೊದಲು ಹೇಳೋ ಕಾರಣ ಯಾವಾಗಲೂ ಒಂದೇ: ಪದೇ ಪದೇ ಟೇಬಲ್ ಎತ್ತಿ ಇಳಿಸ್ತಾ ಕೂರಬೇಕು. ನನ್ನ ಪ್ರಕಾರ ಅದು ದೊಡ್ಡ ದೂರೇ ಅಲ್ಲ. ಫೆನ್ಸ್ (ಹಲಗೆ ಒರಗಿಸೋ ಪಟ್ಟಿ) ಸರಿಸಿ, ಲಾಕ್ ಬಿಚ್ಚಿ, ಟೇಬಲ್ ಎತ್ತಿ, ಹೊಟ್ಟು ಹೋಗೋ ಕೊಳವೆ ಮಗುಚಿ ಹಾಕಿ, ಹಲಗೆ ಸಾಗೋ ಕೆಳಗಿನ ಬೆಡ್ ಏರಿಸಿದ್ರೆ ಥಿಕ್ನೆಸರ್ ರೆಡಿ. ಕೈ ಪಳಗಿದ ಮೇಲೆ ಒಂದೆರಡು ನಿಮಿಷ.

ತೊಂದರೆ ಇರೋದು ವಾಪಸ್ ಬರುವಾಗ. ಆ ಕೊಳವೆ ಮತ್ತೆ ಕೆಳಗೆ ಕೂರೋಕೆ ಜಾಗ ಬೇಕು, ಅದಕ್ಕೆ ಬೆಡ್ ಚೆನ್ನಾಗಿ ಕೆಳಗಿಳಿಸಬೇಕು. ಇಳಿಸಿದ್ರಿ ಅಂದ್ರೆ ನೀವು ಇಟ್ಟಿದ್ದ 22 ಮಿ.ಮೀ. ದಪ್ಪದ ಸೆಟ್ಟಿಂಗ್ ಹೋಯ್ತು. ಒಂದು ಹಲಗೆ ಕಡಿಮೆ ಬಿತ್ತು ಅಂತ ಆಮೇಲೆ ಗೊತ್ತಾದ್ರೆ, ಕೂದಲೆಳೆ ವ್ಯತ್ಯಾಸವಿಲ್ಲದೆ ಅದೇ 22ಕ್ಕೆ ಬರೋದು ಕಷ್ಟ. ಹಾಗಾಗಿ ಕಾಂಬಿನೇಶನ್ ತಗೊಂಡವರು ಕೆಲಸದ ಕ್ರಮವನ್ನೇ ಬದಲಾಯಿಸಿಕೊಳ್ಳಬೇಕು. ಎಲ್ಲ ಹಲಗೆಗಳ ಒಂದು ಮುಖ, ಒಂದು ಅಂಚು ಮೊದಲು ಮುಗಿಸಿ, ಜೊತೆಗೆ ಒಂದು ಹಲಗೆ ಹೆಚ್ಚಿಗೇ ಇರಲಿ, ಆಮೇಲೆ ಒಂದೇ ಸಲ ಥಿಕ್ನೆಸರ್‌ಗೆ ಹೋಗಿ. ಅಗಲದ ಹಲಗೆಯನ್ನ ಎರಡು ಹಂತದಲ್ಲಿ ಮಾಡೋರು, ಅಂದ್ರೆ 3 ಮಿ.ಮೀ. ಉಳಿಸಿ ಕೆಲವು ದಿನ ಹಲಗೆಗಳ ನಡುವೆ ಪಟ್ಟಿ ಕೊಟ್ಟು ಗಾಳಿಗೆ ಬಿಟ್ಟು ಮತ್ತೆ ತೆಗೆಯೋರು, ಇದೆಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತೆ. ಅದು ಒಪ್ಪಿಗೆ ಇದ್ರೆ ಮುಂದೆ ಕೇಳಿ.

ಬರೀ ಥಿಕ್ನೆಸರ್ ಸಾಲದಾ ಅಂತ ಕೇಳೋರಿಗೆ ಚಿಕ್ಕ ಉತ್ತರ: ಸಾಲದು. ರೋಲರ್‌ಗಳು ಸೊಟ್ಟ ಹಲಗೆಯನ್ನ ಒತ್ತಿ ಹಿಡಿಯುತ್ತವೆ, ಬ್ಲೇಡ್ ದಪ್ಪ ಸಮ ಮಾಡುತ್ತೆ, ಆಚೆ ಬಂದ ತಕ್ಷಣ ಹಲಗೆ ಮತ್ತೆ ಸೊಟ್ಟ. ಪ್ಲೈವುಡ್ ಮೇಲೆ ಹಲಗೆ ಇಟ್ಟು, ಎದ್ದಿರೋ ಮೂಲೆಗಳಿಗೆ ಬೆಣೆ ಕೊಟ್ಟು ಕಳಿಸಿದ್ರೆ ಮುಖ ಸಪಾಟಾಗುತ್ತೆ ನಿಜ. ದಿನಾ ಮಾಡೋ ಕೆಲಸ ಅಲ್ಲ ಅದು.

ಕಾಂಬಿನೇಶನ್ ಗೆಲ್ಲೋದು ಅಗಲದಲ್ಲಿ. ಹ್ಯಾಮರ್ ಎ3-31 ಆಗಲಿ, ಜೆಟ್ ಜೆಜೆಪಿ-12 ಆಗಲಿ, ಎರಡೂ ಸುಮಾರು 12 ಇಂಚಿನವು. ಅಷ್ಟೇ ಅಗಲದ ಬರೀ ಜಾಯಿಂಟರ್ ಕೊಳ್ಳೋಕೆ ಹೋದ್ರೆ ಬೆಲೆ, ತೂಕ ಎರಡೂ ಬೇರೆ ಲೆಕ್ಕ. ಅದಕ್ಕೇ ಹೆಚ್ಚಿನವರು 6 ಅಥವಾ 8 ಇಂಚಿಗೆ ನಿಲ್ತಾರೆ, ಆಮೇಲೆ 10 ಇಂಚಿನ ಒಳ್ಳೇ ಹಲಸಿನ ಹಲಗೆಯನ್ನ ಸೀಳಿ ಮತ್ತೆ ಅಂಟಿಸ್ತಾರೆ. ನೋಡೋಕೆ ಹೊಟ್ಟೆ ಉರಿಯುತ್ತೆ.

ಸೋಲೋದು ಉದ್ದದಲ್ಲಿ. ಆ ಎರಡು ಮೆಷಿನ್‌ಗಳ ಟೇಬಲ್ ಸುಮಾರು 55 ಇಂಚು. 8 ಇಂಚಿನ ಪ್ರತ್ಯೇಕ ಜಾಯಿಂಟರ್‌ನಲ್ಲಿ 72ರಿಂದ 80 ಇಂಚು ಸಾಮಾನ್ಯ. ಬಾಗಿಲ ಚೌಕಟ್ಟಿನ ನಿಲುವು ಕಂಬ ತಗೊಳ್ಳಿ: 7 ಅಡಿ ಉದ್ದ, 5 ಬೈ 3 ಇಂಚು. ಮತ್ತಿ ಮರದ್ದಾದ್ರೆ 15 ಕಿಲೋ ಮೀರುತ್ತೆ. ಚಿಕ್ಕ ಟೇಬಲ್ ಮೇಲೆ ಅದರ ಹಿಂಭಾಗ ಹೊರಗೆ ಜೋತುಬಿದ್ದು ಮುಂದಿನ ತುದಿ ಬ್ಲೇಡ್ ಹತ್ರ ಏಳುತ್ತೆ. ನೀವು ಒತ್ತಿ ಹಿಡಿದು ತಳ್ಳಿದಷ್ಟೂ ಅಂಚು ನೇರವಾಗೋದಿಲ್ಲ. ರೋಲರ್ ಸ್ಟ್ಯಾಂಡ್ ಇಟ್ಟು ಸುಧಾರಿಸಬಹುದು, ಆದ್ರೆ ಅದರ ಎತ್ತರ ಟೇಬಲ್ ಮಟ್ಟಕ್ಕೆ ಪಕ್ಕಾ ಇಲ್ಲದಿದ್ರೆ ಅದೇ ಹೊಸ ತಪ್ಪು ತರುತ್ತೆ.

ಆದ್ದರಿಂದ ನನ್ನ ಮಾತು ಇಷ್ಟು. ಬಾಗಿಲು, ಕಿಟಕಿ ಚೌಕಟ್ಟೇ ನಿಮ್ಮ ಹೊಟ್ಟೆಪಾಡಾದ್ರೆ, ಇಬ್ಬರು ಕೆಲಸ ಮಾಡ್ತಿದ್ರೆ, ಬೇರೆ ಬೇರೆ ಮೆಷಿನ್ ತಗೊಳ್ಳಿ. ಒಬ್ಬರು ಮುಖ ತೆಗೀತಿದ್ರೆ ಇನ್ನೊಬ್ಬರು ಕಾಯ್ತಾ ನಿಲ್ಲಬಾರದು. ಮನೆ ಪಕ್ಕದ ಶೆಡ್‌ನಲ್ಲಿ ಒಬ್ಬರೇ ಮೇಜು, ಕಪಾಟು ಮಾಡೋರಿಗೆ ಕಾಂಬಿನೇಶನ್ನೇ ಸರಿ, ಜಾಗ ಇದ್ರೂ ಸರಿ.

ತಗೊಳ್ಳೋದೇ ಆದ್ರೆ ಸ್ಪೈರಲ್ ಕಟ್ಟರ್ (ಉದ್ದ ಬ್ಲೇಡಿನ ಬದಲು ಸುರುಳಿಯಾಗಿ ಚಿಕ್ಕ ಕಾರ್ಬೈಡ್ ಬಿಲ್ಲೆ ಕೂರಿಸಿದ್ದು) ಇರೋದನ್ನೇ ತಗೊಳ್ಳಿ. ಒಂದೇ ಕಟ್ಟರ್ ಎರಡೂ ಕೆಲಸ ಮಾಡೋದ್ರಿಂದ ಹರಿತ ಬೇಗ ಹೋಗುತ್ತೆ. ಅದರ ಮೇಲೆ ತೇಗದಲ್ಲಿ ಸಿಲಿಕಾ ಇರುತ್ತೆ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡನ್ನ ಮೊಂಡು ಮಾಡಿಹಾಕುತ್ತೆ. ಕಾರ್ಬೈಡ್ ಬಿಲ್ಲೆಗಳಾದ್ರೆ ತಿರುಗಿಸಿ ಹೊಸ ಅಂಚು ಹಾಕಿದ್ರಾಯ್ತು. ಹೊನ್ನೆ, ಹಲಸಿನಂಥ ಅಡ್ಡ ಎಳೆಯ ಮರದಲ್ಲಿ ಎಳೆ ಕಿತ್ತುಬರೋದೂ ಕಡಿಮೆ. 4 ಇಂಚಿನ ಪೈಪಿನ ಡಸ್ಟ್ ಕಲೆಕ್ಟರ್‌ಗೂ ಈಗಲೇ ದುಡ್ಡು ಎತ್ತಿಡಿ, ಇಲ್ಲದಿದ್ರೆ ಹೊಟ್ಟು ರೋಲರ್ ಕೆಳಗೆ ಸಿಕ್ಕಿ ಹಲಗೆ ಮೇಲೆ ಚುಕ್ಕೆ ಚುಕ್ಕೆ ಗುಳಿ ಬೀಳುತ್ತೆ.

ಅಂಗಡಿಯಲ್ಲಿ ದುಡ್ಡು ಕೊಡೋಕೆ ಮುಂಚೆ ಒಂದು ಪರೀಕ್ಷೆ. 3 ಅಡಿಯ ಎರಡು ಪಟ್ಟಿಗಳ ಅಂಚು ತೆಗೆದು, ಅಂಚಿಗೆ ಅಂಚು ಕೂರಿಸಿ ಬೆಳಕಿಗೆ ಹಿಡೀರಿ. ಕಾಣೋ ಸಂದಿ ಅಸಲಿ ತಪ್ಪಿನ ಎರಡರಷ್ಟು. ನಡುವೆ ಬೆಳಕು ಬಂದ್ರೆ ಟೇಬಲ್‌ಗಳ ಹೊರತುದಿ ತಗ್ಗಿವೆ, ತುದಿಗಳಲ್ಲಿ ಬಂದ್ರೆ ಎದ್ದಿವೆ. ಪಟ್ಟಿಯ ಕೊನೆಯ ಒಂದೆರಡು ಇಂಚಿನಲ್ಲಿ ಮಾತ್ರ ತಗ್ಗು ಬಿದ್ರೆ ಔಟ್‌ಫೀಡ್ ಟೇಬಲ್ (ಹಲಗೆ ಆಚೆ ಬರೋ ಬದಿಯದು) ಬ್ಲೇಡಿಗಿಂತ ಕೆಳಗಿದೆ. ಅದನ್ನ ಅಲ್ಲೇ ಸರಿಮಾಡಬಹುದು. ಮೂಲೆಮಟ್ಟ ಹಿಡಿದು ಫೆನ್ಸಿನ ಆಚೆ ತುದಿಯನ್ನ ಕೈಯಲ್ಲಿ ತಳ್ಳಿ ನೋಡಿ, ಅಲ್ಯೂಮಿನಿಯಂ ಫೆನ್ಸ್‌ಗಳು ಅಲ್ಲೇ ಬಾಗೋದು. ಆಮೇಲೆ ಟೇಬಲ್‌ಗಳನ್ನ ನಾಲ್ಕೈದು ಸಲ ಎತ್ತಿ ಇಳಿಸಿ, ಅದೇ ಪಟ್ಟಿಗಳಿಂದ ಮತ್ತೆ ಪರೀಕ್ಷೆ ಮಾಡಿ. ಈ ಸಲ ಸಂದಿ ಬೇರೆ ಥರ ಬಂದ್ರೆ ಹಿಂಜ್ ಸರಿ ಇಲ್ಲ, ಆ ಮೆಷಿನ್ ಬಿಟ್ಟು ಪಕ್ಕದ್ದು ನೋಡಿ.