ಬಂದನು, ಬಂದಳು, ಬಂದರು

ಕೇಳುಗರಿಗೆ ನಮಸ್ಕಾರ.

ಹೆಸರು, ಸಹಿ ಯಾವುದೂ ಇಲ್ಲದ ಒಂದು ಹಾಳೆ ನಿಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಅದರಲ್ಲಿರುವುದು ಇಷ್ಟು: "ಬೆಳಗ್ಗೆ ಬೇಗ ಎದ್ದೆ. ಕೊಟ್ಟಿಗೆಗೆ ಹೋದೆ. ಹಾಲು ಕರೆದೆ. ಮಳೆ ಇನ್ನೂ ನಿಂತಿರಲಿಲ್ಲ." ಬರೆದದ್ದು ಹೆಂಗಸೋ ಗಂಡಸೋ? ಕೊಟ್ಟಿಗೆ, ಹಾಲು ಎಂದ ಕೂಡಲೇ ಕೆಲವರ ಮನಸ್ಸು ಹೆಂಗಸು ಎನ್ನುತ್ತದೆ. ಅದು ಕೆಲಸವನ್ನು ನೋಡಿ ಕಟ್ಟಿದ ಊಹೆ. ಭಾಷೆ ಏನನ್ನೂ ಹೇಳಿಲ್ಲ. ಇದನ್ನೇ ಹಿಂದಿಯಲ್ಲಿ ಬರೆದಿದ್ದರೆ ಮೊದಲ ಕ್ರಿಯಾಪದದಲ್ಲೇ ಗೊತ್ತಾಗಿಬಿಡುತ್ತಿತ್ತು. ಗಂಡಸಾದರೆ "ಮೈಂ ಉಠಾ", ಹೆಂಗಸಾದರೆ "ಮೈಂ ಉಠೀ". ಕನ್ನಡದಲ್ಲಿ "ನಾನು ಎದ್ದೆ" ಎಲ್ಲರಿಗೂ ಒಂದೇ. "ನೀನು ಎದ್ದೆ" ಎಂಬುದೂ ಹಾಗೆಯೇ.

ನಾನು, ನೀನು ದಾಟಿ ಮೂರನೆಯವರ ಸುದ್ದಿಗೆ ಬಂದ ಕೂಡಲೇ ಕನ್ನಡ ಪಟ್ಟು ಹಿಡಿಯುತ್ತದೆ. ಬಂದನೋ, ಬಂದಳೋ, ಬಂದಿತೋ? ಹೇಳದೆ ವಾಕ್ಯ ಮುಗಿಸಲು ಬಿಡುವುದಿಲ್ಲ. ಬರೆಯುವವರ ಲಿಂಗವನ್ನು ಕೇಳದ ನಮ್ಮ ಭಾಷೆ, ಯಾರನ್ನು ಕುರಿತು ಬರೆಯುತ್ತೇವೋ ಅವರ ಲಿಂಗವನ್ನು ಮಾತ್ರ ಕೇಳಿಯೇ ತೀರುತ್ತದೆ. ಬರವಣಿಗೆಯಲ್ಲಿ ಹೆಣ್ಣು ಗಂಡಿನ ಭೇದವನ್ನು ಹುಡುಕುವವರು ಲೇಖಕರ ಹೆಸರನ್ನು ನೋಡುತ್ತಾರೆ. ಕನ್ನಡದ ಮಟ್ಟಿಗೆ ನೋಡಬೇಕಾದ ಜಾಗ ವಾಕ್ಯದ ಕೊನೆ.

ಲೇಖಕರನ್ನು ಊಹಿಸುವ ಆಟ ಹಳೆಯದು. ಇಂಗ್ಲೆಂಡಿನಲ್ಲಿ ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಕಥೆಗಳು ಬಂದಾಗ, 1858ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಪತ್ರ ಬರೆದು, ಇದು ಹೆಣ್ಣಿನ ಕೈ ಎಂಬ ಅನುಮಾನ ತಿಳಿಸಿದರು. ಅದು ನಿಜವೇ ಆಗಿತ್ತು, ಬರೆದವರು ಮೇರಿಯನ್ ಇವಾನ್ಸ್. ಅಮೆರಿಕದಲ್ಲಿ ಜೇಮ್ಸ್ ಟಿಪ್ಟ್ರೀ ಎಂಬ ಹೆಸರಿನ ವಿಜ್ಞಾನ ಕಥೆಗಳ ಬಗ್ಗೆ 1975ರಲ್ಲಿ ಇನ್ನೊಬ್ಬ ವಿಜ್ಞಾನ ಕಥೆಗಾರ ರಾಬರ್ಟ್ ಸಿಲ್ವರ್‌ಬರ್ಗ್, ಈ ಬರವಣಿಗೆಯಲ್ಲಿ ಅಲ್ಲಗಳೆಯಲಾಗದ ಗಂಡಸುತನವಿದೆ ಎಂದು ಬರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಟಿಪ್ಟ್ರೀ ಎಂದರೆ ಆಲಿಸ್ ಶೆಲ್ಡನ್ ಎಂಬ ಮಹಿಳೆ ಎಂದು ತಿಳಿಯಿತು. ಒಬ್ಬರದು ಸರಿ ಹೋಯಿತು, ಒಬ್ಬರದು ತಪ್ಪಿತು. ಇಬ್ಬರೂ ನುರಿತ ಓದುಗರೇ.

ಆಮೇಲೆ ಎಣಿಕೆ ಬಂತು. 2002ರಲ್ಲಿ ಮೋಶೆ ಕೊಪ್ಪೆಲ್, ಶ್ಲೋಮೊ ಅರ್ಗಮೊನ್ ಮತ್ತು ಅನತ್ ಶಿಮೋನಿ ಎಂಬ ಸಂಶೋಧಕರು ಬ್ರಿಟಿಷ್ ಇಂಗ್ಲಿಷಿನ 566 ಬರಹಗಳನ್ನು ಕಂಪ್ಯೂಟರಿಗೆ ಕೊಟ್ಟು ಪದಗಳನ್ನು ಎಣಿಸಿದರು. ಹೆಂಗಸರ ಬರಹದಲ್ಲಿ ಸರ್ವನಾಮಗಳು ಹೆಚ್ಚು. ಗಂಡಸರ ಬರಹದಲ್ಲಿ ಇಂಗ್ಲಿಷಿನ ನಾಮಪದದ ಮುಂದೆ ಬರುವ "ದ", "ಎ" ಮುಂತಾದ ಗುರುತಿಸುವ ಪದಗಳು ಹೆಚ್ಚು. ಈ ಗುರುತುಗಳಿಂದ ಯಂತ್ರ ಸುಮಾರು 80 ಶೇಕಡಾ ಸರಿಯಾಗಿ ಹೇಳಿತು. ದೊಡ್ಡ ಸಂಖ್ಯೆಯೇ. ಆದರೆ ಕಣ್ಣು ಮುಚ್ಚಿ ಹೇಳಿದರೂ 50 ಸರಿ ಹೋಗುತ್ತದೆ, ಮತ್ತು ಈ ವಿಧಾನದಲ್ಲೂ ಐದರಲ್ಲಿ ಒಂದು ತಪ್ಪು. 2006ರಲ್ಲಿ ಸೂಸನ್ ಹೆರಿಂಗ್ ಮತ್ತು ಜಾನ್ ಪಾವೊಲಿಲ್ಲೊ ಇನ್ನೊಂದು ಕಡೆಯಿಂದ ನೋಡಿದರು. ದಿನಚರಿಯಂಥ ಬರಹವನ್ನು ಯಾರೇ ಬರೆಯಲಿ, ಅದರಲ್ಲಿ "ಹೆಣ್ಣಿನ" ಗುರುತುಗಳು ಕಂಡವು. ಹೊರಗಿನ ಸುದ್ದಿಗೆ ಟಿಪ್ಪಣಿ ಬರೆಯುವ ಬರಹವನ್ನು ಯಾರೇ ಬರೆಯಲಿ, "ಗಂಡಿನ" ಗುರುತುಗಳು. ಎಂದರೆ ಎಣಿಕೆಗೆ ಸಿಕ್ಕಿದ್ದರಲ್ಲಿ ಬಹುಪಾಲು ಬರಹದ ಪ್ರಕಾರ. ಯಾರಿಗೆ ಯಾವ ಪ್ರಕಾರದ ಬರಹದ ಅವಕಾಶ ಸಿಗುತ್ತದೆ ಎಂಬುದು ಸಮಾಜದ ಪ್ರಶ್ನೆ, ಅದು ವ್ಯಾಕರಣದಲ್ಲಿ ಬಗೆಹರಿಯುವುದಿಲ್ಲ.

ಈ ಎಣಿಕೆಯನ್ನು ಹಾಗೇ ಕನ್ನಡಕ್ಕೆ ತರುವಂತಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ "ದ" ಇಲ್ಲ, "ಎ" ಇಲ್ಲ. ಸರ್ವನಾಮವನ್ನು ಬಿಟ್ಟೇ ಬರೆಯುತ್ತೇವೆ, ಏಕೆಂದರೆ "ಬಂದಳು" ಎನ್ನುವಲ್ಲಿ "ಅವಳು" ಆಗಲೇ ಇದ್ದಾಳೆ. "ಬಂದವಳನ್ನೂ" ಎಂಬ ಒಂದೇ ಪದದಲ್ಲಿ ಕ್ರಿಯೆ, ಕಾಲ, ಲಿಂಗ, ವಿಭಕ್ತಿ, ಜೊತೆಗೆ "ಸಹ" ಎಂಬ ಅರ್ಥ, ಎಲ್ಲ ಅಡಗಿದೆ. ಪದವನ್ನು ಎಣಿಸುವ ಯಂತ್ರ ಇಲ್ಲಿ ಕುರುಡು. ಪ್ರತ್ಯಯವನ್ನು ಬಿಡಿಸಿ ಎಣಿಸಬೇಕು.

ಆ ಪ್ರತ್ಯಯಗಳ ವಿಷಯಕ್ಕೆ ಬರೋಣ. ಕಾಲ್ಪನಿಕವಾದರೂ ನಮಗೆಲ್ಲ ಪರಿಚಿತವಾದ ಒಂದು ಅಪಘಾತದ ವರದಿ ಹೀಗಿರುತ್ತದೆ: "ಸ್ಕೂಟರಿಗೆ ಲಾರಿ ಡಿಕ್ಕಿ ಹೊಡೆದು ಗಾರ್ಮೆಂಟ್ಸ್ ಕಾರ್ಮಿಕಳೊಬ್ಬಳು ಮೃತಪಟ್ಟಿದ್ದಾಳೆ. ಚಾಲಕ ಪರಾರಿಯಾಗಿದ್ದಾನೆ. ಇನ್‌ಸ್ಪೆಕ್ಟರ್ ಸ್ಥಳಕ್ಕೆ ಭೇಟಿ ನೀಡಿದ್ದಾರೆ." ಮೂರು ಜನ, ಮೂರು ಕೊನೆ: ದ್ದಾಳೆ, ದ್ದಾನೆ, ದ್ದಾರೆ. ಸತ್ತವಳು ಮತ್ತು ಓಡಿಹೋದವನು ಒಂದೇ ಮೆಟ್ಟಿಲಿನಲ್ಲಿ ನಿಂತಿದ್ದಾರೆ, ಇನ್‌ಸ್ಪೆಕ್ಟರ್ ಒಂದು ಮೆಟ್ಟಿಲು ಮೇಲೆ. ಆ ಸ್ಕೂಟರಿನಲ್ಲಿ ಬ್ಯಾಂಕಿನ ಮಹಿಳಾ ವ್ಯವಸ್ಥಾಪಕರು ಇದ್ದಿದ್ದರೆ? "ಮೃತಪಟ್ಟಿದ್ದಾರೆ" ಎಂದೇ ಬರುತ್ತಿತ್ತು. ಕೈ ತಾನಾಗಿ ಹಾಗೆ ಬರೆಯುತ್ತದೆ.

ಇಲ್ಲಿ ಕನ್ನಡದ ಒಂದು ಗುಣ ಕಾಣುತ್ತದೆ. ಗೌರವ ಕೊಟ್ಟ ಕೂಡಲೇ ಕ್ರಿಯಾಪದದಿಂದ ಲಿಂಗ ಕಳಚಿ ಬೀಳುತ್ತದೆ. "ರು" ಬಂದರೆ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಹಾಗಾಗಿ ಕ್ರಿಯಾಪದದಲ್ಲಿ ಹೆಣ್ಣುತನ ಎದ್ದು ಕಾಣುವುದು ಬಡವಳಾದಾಗ, ಕೂಲಿಯವಳಾದಾಗ, ಬಲಿಯಾದವಳಾದಾಗ. "ಆಕೆ" ಎಂದು ಬರೆದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. "ಆಕೆ" ಕೇಳಲು "ಅವಳು" ಎಂಬುದಕ್ಕಿಂತ ಮೃದು, ಆದರೆ ಕೊನೆಗೆ ಬರುವುದು ಅದೇ "ಹೇಳಿದಳು". ಮೆಟ್ಟಿಲು ಬದಲಾಗಿಲ್ಲ.

ತಿದ್ದುವ ಕ್ರಮ ಸುಲಭ, ಐದು ನಿಮಿಷ ಸಾಕು. ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಎಳೆಯಿರಿ. ಪಕ್ಕದಲ್ಲಿ ಅದು ಯಾರಿಗೆ ಸೇರಿದ್ದು ಎಂದು ಬರೆಯಿರಿ. ಈಗ ಬರಹವನ್ನು ಬಿಟ್ಟು ಆ ಪಟ್ಟಿಯನ್ನಷ್ಟೇ ಓದಿ: ಕಾರ್ಮಿಕ, ಳು, ಚಾಲಕ, ನು, ಇನ್‌ಸ್ಪೆಕ್ಟರ್, ರು. ಬಳಿಕ ಲಿಂಗ ಅದಲುಬದಲು ಮಾಡಿ. ಇನ್‌ಸ್ಪೆಕ್ಟರ್ ಹೆಣ್ಣಾದರೆ "ಭೇಟಿ ನೀಡಿದ್ದಾಳೆ" ಎಂದು ಬರೆಯುತ್ತೀರಾ? ಇಲ್ಲ ಎಂದಾದರೆ, ಕಾರ್ಮಿಕರಿಗೆ "ಳು" ಬಂದದ್ದು ಲಿಂಗದಿಂದಷ್ಟೇ ಅಲ್ಲ, ಅಂತಸ್ತಿನಿಂದ. ಒಂದು ವರದಿಯಲ್ಲಿ ಬರುವ ವಯಸ್ಕರಿಗೆಲ್ಲ ಒಂದೇ ಮೆಟ್ಟಿಲು ಇರಲಿ. ಆರೋಪಿಗೂ "ರು" ಹಾಕಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯಾಲಯ ತೀರ್ಪು ಕೊಡುವ ಮೊದಲೇ ನಾವು ಪ್ರತ್ಯಯದಲ್ಲಿ ತೀರ್ಪು ಕೊಡಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಎಲ್ಲರಿಗೂ "ರು" ಹಾಕಿದಾಗ ಒಂದು ತೊಡಕು ಬರುತ್ತದೆ. "ಅಧ್ಯಕ್ಷರು ಕಾರ್ಯದರ್ಶಿಯವರನ್ನು ಕರೆದು ಅವರ ಕಡತ ತರಿಸಿದರು." ಯಾರ ಕಡತ? ಓದುವವರು ಹಿಂದೆ ಹೋಗಿ ನೋಡಬಹುದು, ಬಾನುಲಿ ಕೇಳುವವರಿಗೆ ಅದು ಸಾಧ್ಯವಿಲ್ಲ. ಅಧ್ಯಕ್ಷರದಾದರೆ "ತಮ್ಮ ಕಡತ" ಎನ್ನಿ, ಇನ್ನೊಬ್ಬರದಾದರೆ "ಕಾರ್ಯದರ್ಶಿಯ ಬಳಿಯಿದ್ದ ಕಡತ" ಎನ್ನಿ. ಹೆಸರನ್ನು ಎರಡನೆಯ ಸಲ ಹೇಳಲು ಅಂಜಬಾರದು.

"ರೈತ" ಎಂಬ ಪದ ಇನ್ನೊಂದು ಬಗೆಯ ತೊಂದರೆ. "ರೈತನು 21ರಿಂದ 25 ದಿನದ ಸಸಿಗಳನ್ನು ಕಿತ್ತು, ಗುಣಿಗೆ 2ರಿಂದ 3 ಸಸಿಯಂತೆ, 2ರಿಂದ 3 ಸೆಂಟಿಮೀಟರ್ ಆಳಕ್ಕೆ ನಾಟಿ ಮಾಡಬೇಕು." ಭತ್ತದ ನಾಟಿಯ ಅಳತೆಗಳೆಲ್ಲ ಸರಿ. ಆದರೆ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಸಾಲು ಹಿಡಿದು ಸಸಿ ನೆಡುವವರು ಬಹುತೇಕ ಹೆಂಗಸರು. ಆಳ ಹೆಚ್ಚಾದರೆ ತೆಂಡೆ, ಎಂದರೆ ಬುಡದ ಕವಲು, ಒಡೆಯುವುದು ಕಡಿಮೆಯಾಗುತ್ತದೆ ಎಂಬ ಮಾತು ತಲುಪಬೇಕಾದದ್ದು ಅವರಿಗೆ, ವಾಕ್ಯ ಮಾತಾಡುತ್ತಿರುವುದು ಬದುವಿನ ಮೇಲೆ ನಿಂತವನ ಜೊತೆ. "ರೈತನು" ಎಂಬ ಒಂದು ಪದ ತೆಗೆದುಬಿಡಿ. "ಸಸಿಗಳನ್ನು ಕಿತ್ತು ನಾಟಿ ಮಾಡಬೇಕು." ವಾಕ್ಯ ಪೂರ್ಣವಾಗಿಯೇ ಇದೆ, "ಬೇಕು" ಎಂಬುದಕ್ಕೆ ಲಿಂಗವಿಲ್ಲ.

ಕನ್ನಡದಲ್ಲಿ ಹೀಗೆ ಲಿಂಗ ಕೇಳದ ಜಾಗಗಳು ಇನ್ನೂ ಇವೆ. ನಿಷೇಧ ನೋಡಿ: ಬಂದನು, ಬಂದಳು ಎಂದು ಬೇರೆ ಮಾಡುವ ಭಾಷೆ "ಬರಲಿಲ್ಲ" ಎನ್ನುವಾಗ ಸುಮ್ಮನಾಗುತ್ತದೆ. ಹಳೆಯ ರೂಪದಲ್ಲಿ "ಬಾರನು, ಬಾರಳು" ಎಂದಿತ್ತು, ಈಗಿನದರಲ್ಲಿ ಆ ಭೇದ ಉಳಿದಿಲ್ಲ. "ತಾನು, ತನ್ನ" ಎಂಬುದಕ್ಕೆ ಲಿಂಗವಿಲ್ಲ. "ಕೋಪ ಬಂತು", "ನಗು ಬಂತು" ಎಂದಾಗ ಕ್ರಿಯಾಪದ ಹೊಂದುವುದು ಕೋಪಕ್ಕೆ, ನಗುವಿಗೆ. "ನಿಂತ ವ್ಯಕ್ತಿ", "ಬಂದ ಅತಿಥಿ" ಎಂಬಲ್ಲಿ ನಿಂತ, ಬಂದ ಎಂಬುವು ಎಲ್ಲರಿಗೂ ಸಲ್ಲುತ್ತವೆ. ಒಂದನ್ನು ಎಣಿಸುವಾಗ ಮಾತ್ರ ಎಚ್ಚರ: ಒಬ್ಬ, ಒಬ್ಬಳು ಎರಡೂ ಹೇಳಿಬಿಡುತ್ತವೆ, "ಒಬ್ಬರು" ಹೇಳುವುದಿಲ್ಲ.

ಕಥೆಯಲ್ಲಿ ಪಾತ್ರದ ಲಿಂಗವನ್ನು ಸ್ವಲ್ಪ ಹೊತ್ತು ತಡೆಹಿಡಿಯಬೇಕಾದವರಿಗೆ ಇವೇ ಉಪಕರಣ. ಕೇಳಿ: "ಬಾಗಿಲು ಬಡಿದ ಸದ್ದಾಯಿತು. ಹೊರಗೆ ನಿಂತ ವ್ಯಕ್ತಿಯ ಕೈಯಲ್ಲಿ ಛತ್ರಿ ಇರಲಿಲ್ಲ. ಒಳಗೆ ಕರೆದರೂ ಬರಲಿಲ್ಲ. ಕಣ್ಣು ತುಂಬಿತ್ತು. ತನಗೆ ಯಾರ ಹಂಗೂ ಬೇಡ ಎಂಬ ಮಾತಷ್ಟೇ ಕೇಳಿಸಿತು." ಐದು ವಾಕ್ಯ, ಎಲ್ಲಿಯೂ ಬಿಗಿದುಕೊಂಡಿಲ್ಲ. ಇದನ್ನು ಎರಡು ಪುಟ ಎಳೆದರೆ ಕೆಡುತ್ತದೆ. ಪಾತ್ರ ಏನನ್ನೂ ಮಾಡುವುದಿಲ್ಲ, ಎಲ್ಲವೂ ಅದಕ್ಕೆ "ಆಗುತ್ತದೆ", "ಕೇಳಿಸುತ್ತದೆ". ಕೈಕಾಲು ಆಡಿಸುವ ಕ್ರಿಯಾಪದ ಬಂದ ಕೂಡಲೇ ನು ಅಥವಾ ಳು ಬರಲೇಬೇಕು. ಒಂದು ಪುಟದೊಳಗೆ ಬಿಟ್ಟುಕೊಡುವುದು ಒಳ್ಳೆಯದು.

ನಾಮಪದಗಳದು ಬೇರೆ ಚರಿತ್ರೆ. ಹಾಡುಗಾರ, ಹಾಡುಗಾರ್ತಿ, ಅಗಸ, ಅಗಸಗಿತ್ತಿ, ಕವಿ, ಕವಯಿತ್ರಿ. ಸೂಲಗಿತ್ತಿಗೆ ಗಂಡು ರೂಪ ಬೇಕಾಗಿಯೇ ಇರಲಿಲ್ಲ, ಸಭಾಪತಿಗೆ ಹೆಣ್ಣು ರೂಪ ಯಾರೂ ಮಾಡಿಟ್ಟಿಲ್ಲ. ಹಳೆ ಮೈಸೂರಿನ ಜಮೀನು ದಾಖಲೆ ತೆರೆದರೆ ಗಂಡಸಿನ ಹೆಸರಿನ ಮುಂದೆ "ಬಿನ್", ಇಂಥವರ ಮಗ ಎಂದು. ಮದುವೆಯಾದ ಹೆಂಗಸಿನ ಹೆಸರಿನ ಮುಂದೆ "ಕೋಂ", ಇಂಥವರ ಹೆಂಡತಿ ಎಂದು. ಎರಡು ಅಕ್ಷರದಲ್ಲಿ ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಗಂಡ. ಜಮೀನಿನ ಕ್ರಯಪತ್ರದಲ್ಲಿ "ಬರೆದುಕೊಟ್ಟವರು, ಬರೆಸಿಕೊಂಡವರು" ಎಂಬ ಲಿಂಗವಿಲ್ಲದ ಚಂದದ ಪದಗಳೂ ಇವೆ. 1930ರ ದಶಕದಲ್ಲಿ ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ ಹಾಕುತ್ತಿದ್ದ ಹೆಸರು "ಮಿಸೆಸ್ ಬಿ.ಟಿ.ಜಿ. ಕೃಷ್ಣ". ಅದೂ ಒಂದು ಬಗೆಯ ಕೋಂ. 1939ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಇಂದು ನಾವು ಅವರನ್ನು ಕರೆಯುವುದು ಅವರದೇ ಹೆಸರಿನಿಂದ ಎಂಬುದು ಸಂತೋಷದ ಸಂಗತಿ.

ಎಲ್ಲ ಕಡೆಯೂ ಒಂದೇ ಅಳತೆಗೋಲು ಹಿಡಿಯಬಾರದು. ದಕ್ಷಿಣ ಕನ್ನಡದ ಹವ್ಯಕರ ಮಾತಿನಲ್ಲಿ ಮನೆಯ ಹೆಂಗಸರಿಗೆ ನಪುಂಸಕ ರೂಪವೇ ಬರುತ್ತದೆ. ಅಕ್ಕನಿಗೂ "ಅದು", ಅತ್ತಿಗೆಗೂ "ಅದು". ಅಲ್ಲಿ ಅದು ಅಗೌರವವಲ್ಲ, ವ್ಯಾಕರಣ. ತೆಲುಗಿನಲ್ಲಿಯೂ "ಆಮೆ ವಚ್ಚಿಂದಿ", ಅವಳು ಬಂದಳು ಎನ್ನಲು ಹಸು ಬಂತು ಎನ್ನುವ ಕ್ರಿಯಾಪದವೇ. ಮಲಯಾಳದ ಕ್ರಿಯಾಪದಕ್ಕೆ ಲಿಂಗವೇ ಇಲ್ಲ, ಯಾರು ಬಂದರೂ "ವನ್ನು". ಹವ್ಯಕ ಪಾತ್ರದ ಬಾಯಲ್ಲಿ "ಬಂದಳು" ತುರುಕುವ ಸಂಪಾದಕರು ಒಂದು ಮನೆಯ ಮಾತನ್ನೇ ಸುಳ್ಳು ಮಾಡುತ್ತಾರೆ. ಸಂಭಾಷಣೆ ಪಾತ್ರದ ಆಸ್ತಿ. ನಿರೂಪಣೆಗೆ ಮಾತ್ರ ನಮ್ಮ ಗೆರೆ ಎಳೆಯುವ ಪರೀಕ್ಷೆ.

ಇನ್ನೊಂದು ಮಾತು, ಇದು ಇತ್ತೀಚಿನ ವರ್ಷಗಳಲ್ಲಿ ದಿನವೂ ಎದುರಾಗುವಂಥದ್ದು. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಬರೆಯುವಾಗ ಒಂದೇ ವರದಿಯಲ್ಲಿ ಮೊದಲ ಪ್ಯಾರಾದಲ್ಲಿ "ಅವನು", ಮೂರನೆಯದರಲ್ಲಿ "ಅವಳು", ಕೊನೆಗೆ "ಅವರು" ಎಂದು ಜಾರುವುದನ್ನು ಕಾಣುತ್ತೇವೆ. ಬಾಲ್ಯದ ಕಥೆ ಹೇಳುವ ಪ್ಯಾರಾದಲ್ಲೇ ಹೆಚ್ಚಾಗಿ ಜಾರುವುದು. ಮಾತಿಗೆ ಕೂರುವ ಮೊದಲೇ ಕೇಳಿಬಿಡಿ: ನಿಮ್ಮನ್ನು ಕುರಿತು ಬರೆಯುವಾಗ ಬಂದಳು ಎನ್ನಲೇ, ಬಂದರು ಎನ್ನಲೇ? ಬಾಲ್ಯದ ಭಾಗಕ್ಕೂ ಅದೇ ಇರಲೇ? ಉತ್ತರವನ್ನು ಹಾಳೆಯ ನೆತ್ತಿಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ಮೊದಲ ವಾಕ್ಯದಿಂದ ಕೊನೆಯದರವರೆಗೆ ಅದೇ ಪ್ರತ್ಯಯ.

ನಮಸ್ಕಾರ.