ನಜಫ್ ಗಲ್ಲಿಯ ಹಿರಿಯರು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಬಾಬಯ್ಯನ ಹಬ್ಬ, ಅಂದರೆ ಮೊಹರಂ, ನಮ್ಮ ಕಡೆಯ ಹಳ್ಳಿಗಳಿಗೆ ಹೊಸದಲ್ಲ. ಪಂಜಾ ಕೂರಿಸಿ, ಕೊಂಡಕ್ಕೆ ಬೆಂಕಿ ಹಾಕುತ್ತಾರೆ. ಜಾತಿ ಯಾವುದೇ ಇರಲಿ, ಹರಕೆ ಹೊತ್ತವರು ಬಂದು ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಅದರ ಬೇರು ಇರುವುದು ಇರಾಕಿನ ಕರ್ಬಲಾದಲ್ಲಿ. ಪ್ರವಾದಿಯವರ ಮೊಮ್ಮಗ ಹುಸೇನರು 680ರಲ್ಲಿ ಹುತಾತ್ಮರಾದದ್ದು ಅಲ್ಲೇ. ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ನಜಫ್‌ನಲ್ಲಿ ಹುಸೇನರ ತಂದೆ ಹಜರತ್ ಅಲಿಯವರ ದರ್ಗಾ ಇದೆ. ಆ ದರ್ಗಾದ ಹತ್ತಿರ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ಬಾಡಿಗೆ ಮನೆಯಲ್ಲಿ ಬದುಕು ನಡೆಸಿದವರು ಷಿಯಾ ಮುಸ್ಲಿಮರ ಹಿರಿಯ ಧರ್ಮಗುರು ಅಯಾತೊಲ್ಲಾ ಅಲಿ ಸಿಸ್ತಾನಿ. ಇವತ್ತು ಅವರ ವಿಚಾರ ಹೇಳಬೇಕು ಅನ್ನಿಸಿತು.

ಹುಟ್ಟಿದ್ದು 1930ರಲ್ಲಿ, ಇರಾನಿನ ಮಶ್‌ಹದ್‌ನಲ್ಲಿ. ಓದಲೆಂದು ನಜಫ್‌ಗೆ ಬಂದದ್ದು 1951ರಲ್ಲಿ. ಗುರುಗಳಾದ ಖೂಯಿಯವರು 1992ರಲ್ಲಿ ತೀರಿಕೊಂಡ ಮೇಲೆ ಜನ ಇವರತ್ತ ತಿರುಗಿದರು. ಷಿಯಾ ಮುಸ್ಲಿಮರು ಇಂಥ ಹಿರಿಯರನ್ನು ಮರ್ಜಾ ಅನ್ನುತ್ತಾರೆ. ಈ ಸ್ಥಾನವನ್ನು ಸರ್ಕಾರ ಕೊಡುವುದಿಲ್ಲ, ಅಪ್ಪನಿಂದ ಮಗನಿಗೂ ಬರುವುದಿಲ್ಲ. ಇವರು ನಮಗಿಂತ ಬಲ್ಲವರು ಎಂದು ವಿದ್ವಾಂಸರು ಒಪ್ಪಬೇಕು, ಜನ ನಂಬಬೇಕು. ನಂಬಿದವರು ಉಪವಾಸ, ಮದುವೆ, ವ್ಯಾಪಾರ ಎಲ್ಲದಕ್ಕೂ ಅವರ ಮಾತು ಕೇಳುತ್ತಾರೆ. ವರ್ಷದ ಖರ್ಚು ಕಳೆದು ಉಳಿದದ್ದರಲ್ಲಿ ಐದನೇ ಒಂದು ಪಾಲನ್ನು ಖುಮ್ಸ್ ಎಂದು ತೆಗೆದಿಡುತ್ತಾರೆ. ವಿದ್ಯಾರ್ಥಿಗಳ ಖರ್ಚಿಗೆ, ಬಡವರಿಗೆ, ಅನಾಥ ಮಕ್ಕಳಿಗೆ ಆ ಹಣ ಹೋಗುತ್ತದೆ.

ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನನ ಕಾಲದಲ್ಲಿ ಅವರು ಬಾಯಿ ಬಿಡುವಂತೆಯೇ ಇರಲಿಲ್ಲ. ಅವರು ನಮಾಜು ಮಾಡಿಸುತ್ತಿದ್ದ ಮಸೀದಿಗೆ 1994ರಲ್ಲಿ ಬೀಗ ಬಿತ್ತು. 2003ರಲ್ಲಿ ಸದ್ದಾಂ ಉರುಳಿದ, ಅಮೆರಿಕದ ಸೈನ್ಯ ಬಂತು. ಸಂವಿಧಾನ ಬರೆಯುವವರನ್ನು ನಾವೇ ನೇಮಿಸುತ್ತೇವೆ ಎಂದು ಹೊರಟವರಿಗೆ ಸಿಸ್ತಾನಿ ಅಡ್ಡ ನಿಂತರು. ಬರೆಯುವವರನ್ನು ಇರಾಕಿನ ಜನ ಆರಿಸಲಿ ಎಂದು ಫತ್ವಾ ಕೊಟ್ಟರು. 2004ರ ಜನವರಿಯಲ್ಲಿ ಸಾವಿರಾರು ಜನ ಬೀದಿಗಿಳಿದು ಚುನಾವಣೆ ಕೇಳಿದರು. ಮತ ಹಾಕುವುದು ಗಂಡಸರಿಗೂ ಹೆಂಗಸರಿಗೂ ಕರ್ತವ್ಯ ಎಂದು ಹೇಳಿದ್ದೂ ಇವರೇ. 2005ರ ಜನವರಿ 30ರಂದು ಮತದಾನ ನಡೆಯಿತು. ಒಬ್ಬ ಧರ್ಮಗುರು ಅಧಿಕಾರವನ್ನು ತನಗಾಗಿ ಕೇಳದೆ ಜನರಿಗಾಗಿ ಕೇಳಿದ್ದು, ನನ್ನ ಮಟ್ಟಿಗೆ, ಅವರ ಬದುಕಿನ ದೊಡ್ಡ ಕೆಲಸ.

ಅದಕ್ಕೂ ಮುಂಚೆ, 2004ರ ಆಗಸ್ಟಿನಲ್ಲಿ, ಅಮೆರಿಕದ ಸೈನ್ಯದ ವಿರುದ್ಧ ನಿಂತಿದ್ದ ಷಿಯಾ ಮುಖಂಡ ಮುಕ್ತದಾ ಸದರ್ ಅವರ ಬಂದೂಕುಧಾರಿಗಳು ಅಲಿಯವರ ದರ್ಗಾದೊಳಗೆ ಸೇರಿಕೊಂಡಿದ್ದರು. ಹೊರಗೆ ಅಮೆರಿಕದ ಟ್ಯಾಂಕುಗಳು. ಸಿಸ್ತಾನಿ ಆಗ ಹೃದಯದ ಚಿಕಿತ್ಸೆಗೆಂದು ಲಂಡನ್ನಿಗೆ ಹೋಗಿದ್ದರು. ವಾಪಸು ಬಂದವರು ಬಸ್ರಾದಿಂದ ವಾಹನಗಳ ಸಾಲಿನೊಂದಿಗೆ ನಜಫ್‌ಗೆ ಹೊರಟರು, ಜನರನ್ನೂ ಕರೆದರು. ಒಪ್ಪಂದವಾಯಿತು. ಮಾರನೆಯ ದಿನ ಹೋರಾಟಗಾರರು ದರ್ಗಾ ಬಿಟ್ಟು ಹೊರಬಂದರು, ಬೀಗದ ಕೈ ಸಿಸ್ತಾನಿಯವರ ಪ್ರತಿನಿಧಿಗಳ ಕೈ ಸೇರಿತು.

ಎಲ್ಲ ಸಲವೂ ಅವರ ಮಾತು ನಡೆಯಲಿಲ್ಲ. 2006ರ ಫೆಬ್ರವರಿಯಲ್ಲಿ ಸಮಾರಾದ ಷಿಯಾ ದರ್ಗಾಕ್ಕೆ ಬಾಂಬಿಟ್ಟರು. ಸುನ್ನಿಗಳ ಮಸೀದಿ ಮುಟ್ಟಬೇಡಿ ಎಂದು ಇವರು ಹೇಳಿದರೂ ಸೇಡು ನಿಲ್ಲಲಿಲ್ಲ, ಹೆಣಗಳು ಬೀಳುತ್ತಲೇ ಹೋದವು. 2014ರ ಜೂನಿನಲ್ಲಿ ಐಸಿಸ್ ಉಗ್ರರು ಇರಾಕಿನ ಮೊಸುಲ್ ನಗರ ಹಿಡಿದಾಗ, ದೇಶ ಉಳಿಸಲು ಆಯುಧ ಹಿಡಿಯಿರಿ ಎಂಬ ಅವರ ಕರೆಯನ್ನು ಕರ್ಬಲಾದ ಶುಕ್ರವಾರದ ಪ್ರವಚನದಲ್ಲಿ ಓದಲಾಯಿತು. ಸಾವಿರಾರು ಯುವಕರು ಸೇರಿದರು. ಹಾಗೆ ಬೆಳೆದ ಪಡೆಗಳಲ್ಲಿ ಕೆಲವು ಆಮೇಲೆ ತಮ್ಮದೇ ರಾಜಕೀಯ ಹಿಡಿದವು, ಅವುಗಳ ಮೇಲೆ ಗಂಭೀರ ಆರೋಪಗಳೂ ಬಂದವು. ಮುದುಕರು, ಹೆಂಗಸರು, ಮಕ್ಕಳನ್ನು ಮುಟ್ಟಬೇಡಿ ಎಂದು ಹೋರಾಟಗಾರರಿಗೆ ಸಿಸ್ತಾನಿ ಬರೆದ ಸೂಚನೆಗಳಿವೆ. ಅವನ್ನೂ ನಾವು ಓದಬೇಕು.

2021ರ ಮಾರ್ಚ್ 6ರಂದು ಪೋಪ್ ಫ್ರಾನ್ಸಿಸ್ ಅದೇ ಗಲ್ಲಿಯಲ್ಲಿ ನಡೆದು ಆ ಮನೆಗೆ ಬಂದರು, ಪಾದರಕ್ಷೆ ಕಳಚಿ ಒಳಗೆ ಕೂತರು. ಇರಾಕಿನ ಕ್ರೈಸ್ತರೂ ಉಳಿದವರಂತೆ ನಿರ್ಭಯವಾಗಿ, ಪೂರ್ಣ ಹಕ್ಕುಗಳೊಂದಿಗೆ ಬಾಳಬೇಕು ಎಂದು ಸಿಸ್ತಾನಿಯವರ ಕಚೇರಿ ಪ್ರಕಟಿಸಿತು.

ಇವರ ನಂತರ ಯಾರು ಎಂಬ ಪ್ರಶ್ನೆ ನಜಫ್‌ನಲ್ಲಿ ವರ್ಷಗಳಿಂದ ಇದೆ. ಉತ್ತರಾಧಿಕಾರಿಯನ್ನು ನೇಮಿಸುವ ಪದ್ಧತಿ ಅಲ್ಲಿಲ್ಲ. ವಿದ್ವಾಂಸರೂ ಜನರೂ ಮತ್ತೆ ಒಬ್ಬರನ್ನು ಗುರುತಿಸಿಕೊಳ್ಳಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು.

ನಮಸ್ಕಾರ.