ವಿಮಾನದ ವೈರಿಂಗ್: ಮೀಟರ್‌ಗೆ ಕಾಣದ ಫಾಲ್ಟ್

[ದೃಶ್ಯ: ಸೋಗಾನೆ ವಿಮಾನ ನಿಲ್ದಾಣ, ಇಳೀತಿರೋ ಎಟಿಆರ್ ವಿಮಾನ]

ನಮಸ್ಕಾರ. 2023ರಲ್ಲಿ ಸೋಗಾನೆ ಏರ್‌ಪೋರ್ಟ್ ಶುರುವಾದ್ಮೇಲೆ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಐಟಿಐ ಓದೋ ಹುಡುಗರು ಕೇಳೋ ಪ್ರಶ್ನೆ ಒಂದಿದೆ: "ಸರ್, ವಿಮಾನದ ವೈರಿಂಗೂ ವೈರಿಂಗೇ ತಾನೇ?"

ಹೌದು. ಆದ್ರೆ ತೋಟದ ಮೋಟರ್ ವೈರನ್ನ ಇಲಿ ಕಡಿದ್ರೆ ಮೋಟರ್ ನಿಲ್ಲುತ್ತೆ. ಟೇಪ್ ಸುತ್ತಿ ಮತ್ತೆ ಸ್ಟಾರ್ಟರ್ ಒತ್ತಿದ್ರಾಯ್ತು. ವಿಮಾನದಲ್ಲಿ ವೈರ್ ಕೆಟ್ಟಿದ್ದೇ ಗೊತ್ತಾಗಲ್ಲ, ಎಲ್ಲಾ ಕೆಲಸ ಮಾಡ್ತಾನೇ ಇರುತ್ತೆ.

ಒಂದು ಬೋಯಿಂಗ್ 747-400ರಲ್ಲಿ 274 ಕಿ.ಮೀ. ವೈರ್ ಇದೆ. ಇಲ್ಲಿಂದ ಹೊರಟ್ರೆ ತುಮಕೂರು ದಾಟುತ್ತೆ. ಬಹುಪಾಲು ಪ್ಯಾನೆಲ್ ಹಿಂದೆ, ಸೀಲಿಂಗ್ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

[ದೃಶ್ಯ: ಮೇಜಿನ ಮೇಲೆ ವೈರ್ ಕಟ್ಟು, ಕ್ಲ್ಯಾಂಪ್, ಹತ್ತಿರದಿಂದ]

ಇಲ್ಲಿ ನೋಡಿ. ಈ ಕ್ಲ್ಯಾಂಪ್ ಕಟ್ಟಿಗಿಂತ ಒಂದು ಸೈಜ್ ದೊಡ್ಡದು. ಬೆರಳಲ್ಲಿ ತಳ್ಳಿದ್ರೆ ಕಟ್ಟು ಒಳಗೇ ಜಾರುತ್ತೆ. ಇಂಜಿನ್ ನಡುಕಕ್ಕೆ ವರ್ಷಗಟ್ಟಲೆ ಹೀಗೇ ಉಜ್ಜಿದ್ರೆ ಇನ್ಸುಲೇಷನ್ ಸವೆದು ತಾಮ್ರ ಕಾಣುತ್ತೆ. ಇನ್ನೊಂದು, ಪಕ್ಕದಲ್ಲಿ ಯಾರೋ ಡ್ರಿಲ್ ಹೊಡೆದು ಕಟ್ಟಿನ ಮೇಲೆ ಬಿಟ್ಟುಹೋದ ಅಲ್ಯೂಮಿನಿಯಂ ಚೂರು. ಬ್ಲೇಡಿನಷ್ಟು ಚೂಪು. ಇವತ್ತು ಮೀಟರ್ ಹಿಡಿದ್ರೆ ಎರಡೂ ಕಡೆ "ಬೀಪ್". ಕಂಟಿನ್ಯುಟಿ ಸರಿ ಇದೆ, ಸಹಿ ಹಾಕಿ ಕಳಿಸ್ತಾರೆ. ವೈರ್ ತುಂಡಾಗಿಲ್ಲ ಅನ್ನೋದಷ್ಟೇ ಮೀಟರ್‌ಗೆ ಗೊತ್ತು. ಇನ್ಸುಲೇಷನ್ ಸವೆಯುತ್ತಾ ಇದೆ ಅನ್ನೋದು ಅದಕ್ಕೆ ಹೇಗೆ ಗೊತ್ತಾಗ್ಬೇಕು?

ಸವೆದ ಜಾಗಕ್ಕೆ ನೀರಿನ ಹನಿ ಬಿದ್ರೆ ಸಾಕು, ಕಿಡಿ. ಹಳೇ ವಿಮಾನಗಳಲ್ಲಿ ಜಾಸ್ತಿ ಬಳಸಿದ ಕ್ಯಾಪ್ಟನ್ ಅನ್ನೋ ಇನ್ಸುಲೇಷನ್ (ಪೈಲಟ್ ಅಲ್ಲ, ಪ್ಲಾಸ್ಟಿಕ್ ಹೆಸರು) ಕಿಡಿಗೆ ಸುಟ್ಟು ಇದ್ದಿಲಾಗುತ್ತೆ. ಇದ್ದಿಲಲ್ಲಿ ಕರೆಂಟ್ ಹರಿಯುತ್ತೆ, ಕಿಡಿ ಪಕ್ಕದ ವೈರ್‌ಗೂ ಹತ್ತುತ್ತೆ. ಬ್ರೇಕರ್ ಬೀಳಲ್ವಾ? ಮಾಮೂಲಿ ಬ್ರೇಕರ್ ಬಿಸಿಯಾದ್ರೆ ಬೀಳೋದು. ಬಿಟ್ಟು ಬಿಟ್ಟು ಬರೋ ಕಿಡಿಗೆ ಅದು ಅಷ್ಟು ಬಿಸಿಯಾಗೋದೇ ಇಲ್ಲ.

[ದೃಶ್ಯ: ನಕ್ಷೆ, ನ್ಯೂಯಾರ್ಕ್, ಹ್ಯಾಲಿಫ್ಯಾಕ್ಸ್]

1998ರ ಸೆಪ್ಟೆಂಬರ್ 2. ನ್ಯೂಯಾರ್ಕ್‌ನಿಂದ ಜಿನೀವಾಗೆ ಹೊರಟ ಸ್ವಿಸ್‌ಏರ್ 111. ಕಾಕ್‌ಪಿಟ್‌ನಲ್ಲಿ ಹೊಗೆ ವಾಸನೆ ಬಂದ ಸುಮಾರು 20 ನಿಮಿಷಕ್ಕೆ ಕೆನಡಾ ಕಡಲಿಗೆ ಬಿತ್ತು, 229 ಜನ ಸತ್ತರು. ತನಿಖೆಯವರು ಸಮುದ್ರದ ತಳದಿಂದ ಚೂರು ಚೂರು ತೆಗೆದು ಜೋಡಿಸಿದಾಗ, ಕಿಡಿ ಹಾರಿದ ಗುರುತಿದ್ದ ವೈರ್‌ಗಳಲ್ಲಿ ಪ್ರಯಾಣಿಕರ ಮನರಂಜನೆ ವ್ಯವಸ್ಥೆಯದ್ದೂ ಇತ್ತು. ಸಿನಿಮಾ ತೋರಿಸೋಕೆ ಆಮೇಲೆ ಸೇರಿಸಿದ ವ್ಯವಸ್ಥೆ! ಪಕ್ಕದಲ್ಲಿ ಶಾಖ, ಶಬ್ದ ತಡೆಯೋಕೆ ಹಾಕಿದ್ದ ಹೊದಿಕೆಗೆ ಬೆಂಕಿ ಹತ್ತಿ ಹರಡಿತ್ತು.

ಅದಕ್ಕೂ ಮುಂಚೆ, 1996ರ ಜುಲೈ 17ಕ್ಕೆ ಅಮೆರಿಕದ ಟಿಡಬ್ಲ್ಯುಎ ಕಂಪನಿಯ ವಿಮಾನ 800, 230 ಸಾವು. ಇಂಧನ ಟ್ಯಾಂಕ್ ಸಿಡಿದಿತ್ತು. ಕಿಡಿ ಎಲ್ಲಿಂದ ಅಂತ ಖಚಿತವಾಗಲಿಲ್ಲ, ಆದ್ರೆ ಟ್ಯಾಂಕ್ ಹೊರಗಿನ ಶಾರ್ಟ್ ಸರ್ಕ್ಯೂಟೇ ಹೆಚ್ಚು ಸಂಭವ ಅಂದ್ರು. ಈ ಎರಡು ಅಪಘಾತದ ನಂತರವೇ ವೈರಿಂಗನ್ನ ಒಂದು ವ್ಯವಸ್ಥೆ ಅಂತ ನೋಡೋಕೆ ಶುರುವಾಗಿದ್ದು; 2007ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮವನ್ನೇ ತಂತು. ತಡವಾಯ್ತು ಅಂತಲೇ ನನ್ನ ಅಭಿಪ್ರಾಯ.

[ದೃಶ್ಯ: ಕಟ್ಟನ್ನ ಬೆರಳಲ್ಲಿ ಒತ್ತೋದು]

ಹಾಗಾದ್ರೆ ಕೈಕೆಲಸ ಸರಿ ಇದೆ ಅಂತ ನೋಡೋದು ಹೇಗೆ? ಎರಡು ಕ್ಲ್ಯಾಂಪ್ ನಡುವೆ ಬೆರಳಲ್ಲಿ ಒತ್ತಿದ್ರೆ ಸಾಮಾನ್ಯವಾಗಿ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು. ತಿರುವಿನ ರೇಡಿಯಸ್ ಸಾಮಾನ್ಯವಾಗಿ ಕಟ್ಟಿನಲ್ಲಿರೋ ಅತಿ ದಪ್ಪ ವೈರ್‌ನ ವ್ಯಾಸದ ಹತ್ತರಷ್ಟಾದ್ರೂ ಇರಬೇಕು. ಡ್ರಿಲ್‌ಗೆ ಮುಂಚೆ ಕಟ್ಟು ಮುಚ್ಚಿ, ಆಮೇಲೆ ವ್ಯಾಕ್ಯೂಮ್ ಹಿಡೀರಿ. ಏರ್ ಹೊಡೆದು ಊದಿದ್ರೆ ಚೂರು ಇನ್ನೂ ಒಳಗೆ ಹೋಗುತ್ತೆ. ಬಿದ್ದ ಬ್ರೇಕರನ್ನ ಕಾರಣ ಹುಡುಕದೆ ಮತ್ತೆ ಮತ್ತೆ ಒತ್ತಬೇಡಿ.

ಕ್ರಿಂಪಿಂಗ್ (ವೈರ್ ತುದಿಗೆ ಟರ್ಮಿನಲ್ ಒತ್ತಿ ಕೂರಿಸೋದು) ಬಗ್ಗೆ ಇವತ್ತು ಮಾತಾಡಿಲ್ಲ, ಅದಕ್ಕೇ ಒಂದು ವಿಡಿಯೋ ಬೇಕು. ಮುಂದಿನ ವಾರ ಟೂಲ್ ತಂದು ತೋರಿಸ್ತೀನಿ.